ಬೀದರಿಗೆ ನಾಲ್ವರು

ಷಡಕ್ಷರಿಗೆ ಸೈಕಲ್ ಬರುತ್ತಿರಲಿಲ್ಲ. ಆದರೂ ಮೈಸೂರಿನಿಂದ ಬೀದರಿನವರೆಗೆ ಸೈಕಲ್ಲಿನಲ್ಲಿ ಹೋಗಿ ಬಡ ಕ್ಷಯರೋಗಿಗಳಿಗಾಗಿ ಚಂದಾ ಎತ್ತೋಣ ಎಂದು ಮೊದಲು ಬಾಯಿಬಿಟ್ಟವನು ಅವನೇ.

ಅದು ಐವತ್ತೇಳನೆಯ ಇಸವಿ. ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೀದರೂ ಇನ್ನು ಮುಂದೆ ನಮ್ಮದೇ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಲಷ್ಕರ್ ಮೊಹಲ್ಲಾದ ವಾಚನಾಲಯದಲ್ಲಿ ಕೂತವರಲ್ಲಿ ಅದನ್ನು ಕಣ್ಣಿಂದ ನೋಡಿದವರು ಒಬ್ಬರೂ ಇರಲಿಲ್ಲ. ಷಡಕ್ಷರಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಚೇರಿ ಮುಗಿದ ಮೇಲೆ ಬಾಡಿಗೆ ಕೋಣೆಗೆ ಹೋಗಲು ಮನಸ್ಸಾಗದೆ ಎರಡು ವರ್ಷದಿಂದ ಪ್ರತಿ ಸಂಜೆ ವಾಚನಾಲಯಕ್ಕೆ ಬಂದು ಕೂರುತ್ತಿದ್ದ. ಆ ಎರಡು ವರ್ಷದಲ್ಲಿ ಅಲ್ಲಿ ಯಾರಾದರೂ ಅವನೊಂದಿಗೆ ಆಡಿದ ಮಾತೆಂದರೆ, "ಆ ಹಾಳೆ ಓದಿ ಆಯ್ತಾ?" ಎನ್ನುವುದೊಂದೇ.

ಆ ಸಂಜೆ ಪಕ್ಕದ ಬೆಂಚಿನಲ್ಲಿ ಮೂವರು ಸೇರಿಕೊಂಡಿದ್ದರು. ಜವಳಿ ಅಂಗಡಿಯ ವೃಷಭೇಂದ್ರಪ್ಪ, ದರ್ಜಿ ಸಿದ್ದರಾಜು, ಸೌದೆ ಡಿಪೋ ನಡೆಸುತ್ತಿದ್ದ ಪುಟ್ಟಸ್ವಾಮಿ. ಕ್ಷಯರೋಗಿಗಳ ಹಾಲಿನ ಖರ್ಚಿಗೆ ಒಂದು ನಾಟಕ ಆಡಿಸೋಣ ಎಂದು ಅವರ ಮಾತು. ನಾಟಕ ಎಲ್ಲರೂ ಆಡಿಸುತ್ತಾರೆ, ಹೊಸದೇನಾದರೂ ಬೇಕು ಎಂದು ಸಿದ್ದರಾಜು ರಗಳೆ ತೆಗೆದಿದ್ದ. ಪತ್ರಿಕೆಯ ಹಿಂದಿನಿಂದ ಷಡಕ್ಷರಿ ಹೇಳಿದ: "ಸೈಕಲ್ಲಲ್ಲಿ ಬೀದರಿಗೆ ಹೋಗಬಹುದು."

ಮೂವರೂ ತಿರುಗಿ ನೋಡಿದರು. ಅರ್ಧ ಗಂಟೆಯಲ್ಲಿ ಅವನು ಅವರ ಜೊತೆ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ನಿಮಗೆ ಸೈಕಲ್ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಸೈಕಲ್ ಯಾತ್ರೆಯ ಮಾತೆತ್ತಿದವನನ್ನು ಹಾಗೆ ಯಾರು ಕೇಳುತ್ತಾರೆ?

ಕಾರ್ಯದರ್ಶಿಯ ಕೆಲಸ ತಾನಾಗಿ ಅವನ ಮೇಲೆ ಬಿತ್ತು. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಓದಿದವನಾದ್ದರಿಂದ ಯಾವ ಊರಲ್ಲಿ ಯಾವ ಮಠವಿದೆ, ಎಲ್ಲಿ ಕೇಳಿದರೆ ಊಟ ಮತ್ತು ಮಲಗಲು ಜಾಗ ಸಿಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. ದಾರಿಯ ಮೂವತ್ತು ತಂಗುದಾಣಗಳಿಗೂ ಜವಾಬು ಕಾರ್ಡು ಬರೆದ. ಜವಾಬು ಕಾರ್ಡೆಂದರೆ ಒಂದಕ್ಕೊಂದು ಅಂಟಿಕೊಂಡ ಎರಡು ಕಾರ್ಡು. ಒಂದರಲ್ಲಿ ನಾವು ಬರೆದು, ಇನ್ನೊಂದರ ಮೇಲೆ ನಮ್ಮದೇ ವಿಳಾಸ ಹಾಕಿ ಕಳಿಸಿದರೆ ಆ ಕಡೆಯವರು ಅದನ್ನು ಹರಿದು ಉತ್ತರ ಬರೆದು ಅಂಚೆಗೆ ಹಾಕುತ್ತಾರೆ. "ನಾವು ನಾಲ್ವರು ಬರುತ್ತಿದ್ದೇವೆ. ಊರಿನಲ್ಲಿ ಸೇರಿದ ಚಂದಾ ಹಣವನ್ನು ಕೆಳಗಿನ ವಿಳಾಸಕ್ಕೆ ಮನಿಯಾರ್ಡರ್ ಮಾಡುವುದು" ಎಂದು ಬರೆದ. ಕೆಳಗೆ ವಾಚನಾಲಯದ ಹೆಸರು ಹಾಕಬಹುದಿತ್ತು. ತನ್ನ ಹೆಸರು, ತನ್ನ ಕೋಣೆಯ ವಿಳಾಸ ಹಾಕಿದ. ಅವನಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ.

ಉತ್ತರಗಳು ಬಂದವು. ಅರಸೀಕೆರೆಯಿಂದ, ಚಿತ್ರದುರ್ಗದಿಂದ, ಧಾರವಾಡದಿಂದ, ಗುಲಬರ್ಗಾದಿಂದ. ಎಲ್ಲದರ ಮೇಲೂ ಅವನ ಹೆಸರು, ಅವನದೇ ಅಕ್ಷರದಲ್ಲಿ.

ಭಾನುವಾರ ಬೆಳಗಾಗುತ್ತಲೇ ಅವನು ಹಿನಕಲ್‌ಗೆ ನಡೆದುಹೋಗುತ್ತಿದ್ದ. ಮೊಹಲ್ಲಾದವರು ಯಾರೂ ಆ ಕಡೆ ಬರುವುದಿಲ್ಲ ಎಂಬ ಧೈರ್ಯ. ಅಲ್ಲಿ ರಾಮಯ್ಯ ಎಂಬಾತ ಹುಣಸೇಮರದ ಕೆಳಗೆ ಪಂಕ್ಚರ್ ಹಾಕುತ್ತಿದ್ದ, ಎರಡು ಬಾಡಿಗೆ ಸೈಕಲ್ ಇಟ್ಟುಕೊಂಡಿದ್ದ. ಸೈಕಲ್ ಕಲಿಯಲು ನಾಲ್ಕು ಮೈಲಿ ನಡೆದು ಬರುವವನನ್ನು ಕಂಡು ರಾಮಯ್ಯ ಮೊದಲ ದಿನ ನಕ್ಕ. ಎರಡನೆಯ ವಾರದಿಂದ ಸೀಟಿನ ಹಿಂಭಾಗ ಹಿಡಿದು ಜೊತೆಯಲ್ಲಿ ಓಡತೊಡಗಿದ.

"ಚಕ್ರ ನೋಡ್ಬೇಡಿ ಸ್ವಾಮಿ, ದೂರಕ್ಕೆ ನೋಡಿ! ಬಿದ್ರೆ ನೆಲ ಅಲ್ಲೇ ಇರ್ತದೆ, ಅದೇನು ಓಡೋಗಲ್ಲ."

"ನಾನು ಇಲ್ಲಿ ಕಲೀತಿರೋದು ಯಾರಿಗೂ ಗೊತ್ತಾಗಬಾರದು ರಾಮಯ್ಯ."

"ನಾನ್ಯಾಕೆ ಯೋಳ್ಲಿ? ನಿಮ್ಮನ್ನ ಕಂಡೇ ಇಲ್ಲ ಅಂತೀನಿ, ತಕಳಿ."

ಮೊಣಕಾಲು ಎರಡು ಸಲ ಕಿತ್ತುಹೋಯಿತು. ಒಂದು ಸಲ ಎಮ್ಮೆಯ ಮೇಲೆಯೇ ಹೋಗಿ ಬಿದ್ದ. ಎಂಟನೆಯ ಭಾನುವಾರ ರಾಮಯ್ಯ ಹಿಂದೆ ಓಡಿಬರುತ್ತಿದ್ದಾನೆ ಎಂದುಕೊಂಡೇ ಎರಡು ಫರ್ಲಾಂಗು ತುಳಿದು ತಿರುಗಿ ನೋಡಿದರೆ, ಅವನು ಮರದ ಕೆಳಗೇ ಬೀಡಿ ಸೇದುತ್ತ ನಿಂತಿದ್ದ. ಷಡಕ್ಷರಿಗೆ ಇಪ್ಪತ್ತಾರು ವರ್ಷ. ಅಂದು ಅವನು ಮೈಸೂರಿಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ.

ಮುಂದಿನ ವಾರ ಹಳೆಯದೊಂದು ಸೈಕಲ್ ಕೊಂಡು ನಗರಸಭೆಯ ಲೈಸೆನ್ಸ್ ಬಿಲ್ಲೆ ಹಾಕಿಸಿದ. ಕಚೇರಿಯಲ್ಲಿ ಒಂದು ತಿಂಗಳ ರಜೆ ಮಂಜೂರು ಮಾಡಿಸಿಕೊಂಡ. ಸಭೆಗೆ ಮೊದಲಿನಿಂದಲೂ ನಡೆದೇ ಬರುತ್ತಿದ್ದವನು ಸೈಕಲ್ ರಿಪೇರಿಗೆ ಕೊಟ್ಟಿದೆ ಎಂದು ಹೇಳುತ್ತಿದ್ದ. "ಅದಕ್ಕೂ ಕ್ಷಯ ಹಿಡಿದದಾ ಹೆಂಗೆ? ಒಂದು ಹಾಸಿಗೆ ಕೊಡ್ಸೋಣ ಕಣಯ್ಯ" ಎಂದು ಸಿದ್ದರಾಜು ಒಮ್ಮೆ ಛೇಡಿಸಿದ್ದ. ಉಳಿದಂತೆ ಎಲ್ಲರೂ ಅವನಿಗೆ 'ನೀವು' ಎನ್ನುತ್ತಿದ್ದರು. ಆ 'ಕಣಯ್ಯ'ವನ್ನು ಷಡಕ್ಷರಿ ಕೋಣೆಗೆ ಹೋದ ಮೇಲೂ ನೆನಪಿಟ್ಟುಕೊಂಡಿದ್ದ.

ಹೊರಡಲು ಒಂಬತ್ತು ದಿನವಿತ್ತು. ಕಡೆಯ ಸಭೆಯಲ್ಲಿ ವೃಷಭೇಂದ್ರಪ್ಪ ಕಾರ್ಡುಗಳ ಕಂತೆಯನ್ನು ತಿರುವಿಹಾಕುತ್ತ ನಿಲ್ಲಿಸಿದರು.

"ಅಲ್ಲಾ ಷಡಕ್ಷರಿಯವರೇ, ಮನಿಯಾರ್ಡರೆಲ್ಲಾ ನಿಮ್ಮ ಹೆಸರಿಗೇ ಬರೋ ಹಾಗೆ ಬರೆದಿದ್ದೀರಲ್ಲ?"

"ಹೌದು. ಕಾರ್ಯದರ್ಶಿ ಅಂತ..."

"ನೀವು ಧಾರವಾಡದಲ್ಲಿದ್ರೆ ಇಲ್ಲಿ ರುಜು ಹಾಕೋರು ಯಾರು? ಪೋಸ್ಟ್‌ಮ್ಯಾನು ಬಾಗಿಲು ತಟ್ಟಿ ವಾಪಸ್ ಕಳಿಸ್ತಾನೆ."

ಸಿದ್ದರಾಜು ನಕ್ಕ. "ಅವನಿಗೂ ಒಂದು ಸೈಕಲ್ ಕೊಡ್ಸಿ ಬುಡಿ, ಹಿಂದಿಂದೆ ಬೀದರ್‌ಗಂಟ ಬರ್ಲಿ."

"ತಮಾಷೆ ಅಲ್ಲಪ್ಪ. ಒಬ್ಬರು ಇಲ್ಲಿ ಇರಲೇಬೇಕಾಗ್ತದೆ."

ಎಲ್ಲ ಊರಿಗೂ ಇನ್ನೊಂದು ಕಾರ್ಡು ಬರೆದುಬಿಡುತ್ತೇನೆ ಎನ್ನಲು ಷಡಕ್ಷರಿಗೆ ಬಾಯಿಗೆ ಬಂತು. ಆದರೆ ಅದನ್ನು ಬೇರೆ ಯಾರಾದರೂ ಹೇಳಲಿ ಎಂದು ಕಾದ.

"ಪಾಪ, ಅವರಿಗೂ ಆಸೆ ಇರ್ತದೆ ಕಣೋ" ಎಂದ ಪುಟ್ಟಸ್ವಾಮಿ.

"ಅವರಿಗೇನ್ ಆಸೆ? ಒಂದಿನಾನಾದ್ರೂ ಅವರನ್ನ ಸೈಕಲ್ ಮೇಲೆ ಕಂಡಿದ್ದೀಯಾ ನೀನು? ಅವರು ಬರವಣಿಗೆಯೋರು ಕಣೋ. ಕಾಲಿನ ಕೆಲ್ಸ ನಮಗಿರ್ಲಿ." ಸಿದ್ದರಾಜುವಿನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಹೊಗಳುತ್ತಲೇ ಇದ್ದ.

ಮೂವರೂ ಷಡಕ್ಷರಿಯ ಕಡೆ ನೋಡಿದರು. ಆಸೆ ಇದೆ ಎನ್ನಬೇಕಾದರೆ ಎಷ್ಟಿದೆ ಎಂದು ಹೇಳಬೇಕಾಗುತ್ತಿತ್ತು. ಹಿನಕಲ್, ಹುಣಸೇಮರ, ಎಮ್ಮೆ, ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೆ ಮೊದಲು, ಸೈಕಲ್ಲೇ ಬಾರದೆ ಸೈಕಲ್ ಯಾತ್ರೆ ಹೂಡಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

"ಆಗಲಿ, ನಾನಿರ್ತೀನಿ" ಎಂದ.

"ನಿಮ್ಮಂಥೋರು ಸಿಗಲ್ಲ ಕಣ್ರೀ" ಎಂದರು ವೃಷಭೇಂದ್ರಪ್ಪ.

ಹೊರಟ ದಿನ ಬೆಳಿಗ್ಗೆ ವಾಚನಾಲಯದ ಮುಂದೆ ಹೂವಿನ ಹಾರ, ತೆಂಗಿನಕಾಯಿ, ಜನ. ಇಲವಾಲದವರೆಗೆ ಕಳಿಸಿ ಬರುತ್ತೇನೆಂದು ಷಡಕ್ಷರಿಯೂ ಸೈಕಲ್ ಹತ್ತಿದ. ಅವನು ಹತ್ತಿದ್ದನ್ನು ಯಾರೂ ಗಮನಿಸಲಿಲ್ಲ. ಗಮನಿಸುವಂಥದ್ದು ಅವರಿಗೆ ಅದರಲ್ಲಿ ಏನೂ ಇರಲಿಲ್ಲ. ಎಲ್ಲರಂತೆ ಅವನೂ ತುಳಿಯುತ್ತಿದ್ದ.

ಹಿನಕಲ್ ಹತ್ತಿರ ಬಂತು. ರಾಮಯ್ಯ ಕಂಡರೆ ಕೂಗಿಯೇ ಕೂಗುತ್ತಾನೆ. ಕೂಗಲಿ. ಇವತ್ತು ಕೂಗಲಿ. "ಏನ್ ಸ್ವಾಮಿ, ಎಮ್ಮೆ ಮೇಲೆ ಬಿದ್ದಿದ್ರಲ್ಲ!" ಎಂದರೂ ಸರಿಯೇ. ಸಿದ್ದರಾಜು ಸೈಕಲ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಎಲ್ಲ ಕೇಳುತ್ತಾನೆ, ಕಡೆಗೆ, "ಮೊದಲೇ ಬೊಗಳೋದಲ್ವೇನಯ್ಯ, ನಡಿ, ನೀನೂ ನಡಿ" ಎನ್ನುತ್ತಾನೆ. ಮನಿಯಾರ್ಡರುಗಳು ಏನಾದರೂ ಆಗಲಿ. ಷಡಕ್ಷರಿ ಬೇಕೆಂದೇ ಒಂದು ಸಲ ಬೆಲ್ಲು ಬಾರಿಸಿದ.

ರಾಮಯ್ಯ ಮರದ ಕೆಳಗೆ ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದುತ್ತ ಕೂತಿದ್ದ. ತಲೆ ಎತ್ತಲಿಲ್ಲ. ನಾಲ್ಕು ಸೈಕಲ್ಲೂ ಅವನನ್ನು ದಾಟಿ ಹೋದವು.

ಇಲವಾಲದಲ್ಲಿ ಕಾಫಿ ಕುಡಿದರು. ಪುಟ್ಟಸ್ವಾಮಿ ಅವನ ಕೈ ಹಿಡಿದು ಕುಲುಕಿದ. "ಬರ್ತೀವಿ ಷಡಕ್ಷರಿಯವರೇ, ಕಾಗದ ಹಾಕ್ತೀವಿ" ಎಂದ ಸಿದ್ದರಾಜು. ರಸ್ತೆ ಇಳಿಜಾರಾಗಿದ್ದರಿಂದ ಅವರು ಬೇಗ ಮರೆಯಾದರು.

ವಾಪಸಾಗುವಾಗ ಷಡಕ್ಷರಿ ಹುಣಸೇಮರದ ಕೆಳಗೆ ಇಳಿದ.

"ಬೆಳಿಗ್ಗೆ ಹೋಗುವಾಗ ನೋಡಲಿಲ್ವಾ ರಾಮಯ್ಯ?"

"ನೋಡ್ದೆ ಇರ್ತೀನಾ? ನೀವು ಬೆಲ್ ವೊಡೆದ್ರಿ. ಜೊತೇಲಿ ಜನ ಅವ್ರೆ, ಯಾರ್ಗೂ ಗೊತ್ತಾಗ್ಬಾರ್ದು ಅಂದಿದ್ರಲ್ಲ ಅಂತ ತಲೆ ತಗ್ಗಿಸ್ಬುಟ್ಟೆ." ಅವನು ಟ್ಯೂಬನ್ನು ಒರೆಸಿ ಮೇಲಕ್ಕೆ ನೋಡಿದ. "ಶಾನೆ ಚೆಂದಾಗಿ ತುಳಿತಿದ್ರಿ ಸ್ವಾಮಿ. ಅದ್ಯಾಕೆ ಇಷ್ಟು ಬೇಗ ತಿರುಗ್ಕೊಂಡ್ರಿ?"

"ಊರಲ್ಲಿ ಕೆಲಸ ಇದೆ" ಎಂದ ಷಡಕ್ಷರಿ.

ರಜೆಯ ಮೂರನೆಯ ದಿನ ಅಂಚೆಯವನು ಒಂದೇ ಒಂದು ಕಾರ್ಡು ತಂದ. ಬಿಡಿ ಕಾರ್ಡು, ವಿಳಾಸ ಬೇರೆಯವರ ಕೈಬರಹದಲ್ಲಿತ್ತು. ಮೊದಲನೆಯ ರಾತ್ರಿ ತಂಗಿದ್ದ ಊರಿನ ಮಠದಿಂದ ಗುರುಸಿದ್ದಯ್ಯ ಎಂಬವರು ಬರೆದಿದ್ದರು: "ನಾಲ್ವರಿಗೆ ಅಡಿಗೆ ಮಾಡಿಸಿ ಎಲೆ ಹಾಕಿಸಿದ್ದೆವು. ಮೂವರು ಬಂದು ಊಟ ಮಾಡಿದರು. ನಾಲ್ಕನೆಯವರು ದಾರಿಯಲ್ಲಿ ಹಿಂದುಳಿದಿರಬಹುದೆಂದು ಎಲೆ ತೆಗೆಸದೆ ಬಹಳ ಹೊತ್ತು ಕಾದೆವು. ಅವರು ಕ್ಷೇಮವೇ?"

ಷಡಕ್ಷರಿ ಅದನ್ನು ಎರಡು ಸಲ ಓದಿ ಕಂತೆಯ ಮೇಲಿಟ್ಟ. ಆಮೇಲೆ ಅಂಚೆ ಕಚೇರಿಗೆ ಹೋಗಿ ಇಪ್ಪತ್ತೊಂಬತ್ತು ಬಿಡಿ ಕಾರ್ಡು ತಂದ. ಹತ್ತಿರದ ಊರುಗಳಿಗೆ ಕಾರ್ಡು ಮುಟ್ಟುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆಂದು ಬೀದರಿನಿಂದ ಹಿಂದಕ್ಕೆ ಬರೆಯಲು ಕೂತ. "ನಮ್ಮ ಹಿಂದಿನ ಪತ್ರದಲ್ಲಿ ನಾಲ್ವರು ಎಂದಿರುವುದನ್ನು ಮೂವರು ಎಂದು ಓದಿಕೊಳ್ಳಬೇಕಾಗಿ ಕೋರಿಕೆ."

ಹನ್ನೊಂದನೆಯ ಕಾರ್ಡಿನ ಹೊತ್ತಿಗೆ ಬೆರಳು ನೋಯತೊಡಗಿತು. ಲೇಖನಿಯನ್ನು ಒರೆಸಿ, ಹನ್ನೆರಡನೆಯದನ್ನು ತೆಗೆದುಕೊಂಡ.