ಗ್ಯಾರಂಟಿ ಸಾಹೇಬರ ಟೈರ್ ಕವರ್

ಗಡಿಯಾರ ರಿಪೇರಿ ಮಾಡುವ ಅವರಿಗೆ ಮನೆಮಂದಿಯೆಲ್ಲ ಸೇರಿ ಗ್ಯಾರಂಟಿ ಸಾಹೇಬರು ಎಂದು ಹೆಸರಿಟ್ಟಿದ್ದರು. ಛತ್ರಿ ಕೊಂಡರೂ ಗ್ಯಾರಂಟಿ ಕೇಳುವ ಆಸಾಮಿ. ಹೀಗಿರುವಾಗ ಹೊಸ ಕಾರಿನ ಜೊತೆ ಟೈರಿಗೂ ಬೇರೆ ಕವರ್, ಅಂದರೆ ವಿಮೆ, ಸಿಗುತ್ತದೆ ಎಂದು ಶೋರೂಮಿನವನು ಬಾಯಿಬಿಟ್ಟಿದ್ದೇ ತಡ, ಸಾಹೇಬರು ಕುರ್ಚಿಯ ಅಂಚಿಗೆ ಸರಿದು ಕೂತರು.

"ಬೇಡಾರೀ," ಎಂದಳು ಹೆಂಡತಿ. ಕಾರು ಓಡಿಸುವವಳು ಅವಳೇ. ಬೇಕರಿಯ ವ್ಯಾನನ್ನು ವರ್ಷಗಟ್ಟಲೆ ಓಡಿಸಿ ಪಳಗಿದ ಕೈ. ಸಾಹೇಬರ ಕಾಲಿಗೋ ಬ್ರೇಕ್ ಯಾವುದು, ಕ್ಲಚ್ ಯಾವುದು ಎಂಬುದು ಕೊನೆಗೂ ಹತ್ತಲಿಲ್ಲ. "ಪಂಕ್ಚರ್ ಆದ್ರೆ ಹಾಕಿಸ್ಕೊಂಡ್ರಾಯ್ತು. ಸವೆದ್ರೆ ಇವ್ರು ಹೇಗೂ ಕೊಡಲ್ಲ. ಗಾಳಿ ನಾನು ನೋಡ್ಕೋತೀನಿ. ಸುಮ್ನೆ ಯಾಕೆ ದಂಡ?"

"ಹಳ್ಳಕ್ಕೆ ಬಿದ್ದು ಸೀಳಿದ್ರೆ ಹೊಸ ಟೈರೇ ಕೊಡ್ತೀವಿ ಮೇಡಂ," ಎಂದ ಶೋರೂಮಿನವನು. "ಗಾಳಿ ಹೋದ್ಮೇಲೂ ಗಾಡಿ ಓಡಿಸಿದ್ರೆ ಮಾತ್ರ ಏನೂ ಸಿಗಲ್ಲ."

ಸಾಹೇಬರು ಕವರ್ ಕೊಂಡೇ ಕೊಂಡರು. ಅಂದಿನಿಂದ ಅವಳು ಕೀ ತಿರುಗಿಸಿದಾಗಲೆಲ್ಲ ಪಕ್ಕದ ಸೀಟಿನಿಂದ ಅದೇ ರಾಗ: "ಗಾಳಿ ಹೋದ್ರೆ ಅಲ್ಲೇ ನಿಲ್ಲಿಸ್ಬೇಕು, ಗೊತ್ತಾಯ್ತಾ?" ಅವಳು "ಹೂಂ" ಎಂದು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

ತುಂಬು ಬಸುರಿ ಮಗಳಿಗೆ ಒಂದು ಮಧ್ಯಾಹ್ನ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ನೋವು ಕಂಡ ಕೂಡಲೇ ಕರೆತನ್ನಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರು. ಮೇಲ್ಸೇತುವೆಯ ನಡುವೆ ಕಬ್ಬಿಣದ ಪಟ್ಟಿಯೊಂದು ಕಿತ್ತು ಎದ್ದಿತ್ತು. ಟಪ್ ಎಂದಿತು. ಕಾರು ಎಡಕ್ಕೆ ವಾಲಿತು. ಬೇರೆ ಚಕ್ರ ಹಾಕೋಣವೆಂದರೆ ಅಲ್ಲಿ ನಿಲ್ಲಲು ಜಾಗವೂ ಇಲ್ಲ, ಹೊತ್ತೂ ಇಲ್ಲ.

"ನಿಲ್ಸು! ಕವರ್ ಹೋಗುತ್ತೆ!"

ದಿನಾ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು, ಜಾರಿಬಿಟ್ಟಿತು. ಮರುಕ್ಷಣವೇ ಸಾಹೇಬರು ನಾಚಿಕೆಯಿಂದ ಹಿಡಿಯಷ್ಟಾದರು.

"ಆಗ್ತಿಲ್ಲಮ್ಮಾ," ಎಂದು ಮಗಳು ನರಳಿದಳು.

"ಬಂದೇ ಬಿಟ್ವಿ ಪುಟ್ಟಿ. ರೀ, ಬಾಯಿ ಮುಚ್ಕೊಂಡು ಅವಳ ಕೈ ಹಿಡ್ಕೊಳ್ಳಿ."

ಸಾಹೇಬರು ಹಿಂದಕ್ಕೆ ತಿರುಗಿ ಮಗಳ ಕೈ ಹಿಡಿದರು. ಹಿಂದೆ ಹಾರನ್ನುಗಳು ಕಿರುಚಿಕೊಳ್ಳುತ್ತಿದ್ದವು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಟೈರ್ ಹೋಗಿದೆ!" ಎಂದು ಕೂಗಿದ. "ಗೊತ್ತು, ದಾರಿ ಬಿಡಪ್ಪಾ!" ಎಂದಳು ಹೆಂಡತಿ. ಟೈರು ಚಿಂದಿಯಾಗಿ, ಬರೀ ಕಬ್ಬಿಣ ರಸ್ತೆಗೆ ಉಜ್ಜುವ ಸದ್ದು ಹಲ್ಲು ಜುಮ್ಮೆನಿಸುತ್ತಿತ್ತು. ಸ್ಟೀರಿಂಗ್ ಎಡಕ್ಕೆ ಎಳೆದಷ್ಟೂ ಅವಳು ಬಲಕ್ಕೆ ಜಗ್ಗಿ ಹಿಡಿದಿದ್ದಳು. ಕಾರು ನೆಟ್ಟಗೆ ಹೋಗುತ್ತಿತ್ತು. ಇಂಥವಳಿಗೆ ಇಷ್ಟು ದಿನ ಪಕ್ಕದಲ್ಲಿ ಕೂತು ಪಾಠ ಹೇಳಿದೆನಲ್ಲ ಎಂದುಕೊಂಡರು ಸಾಹೇಬರು. ಭಯದ ನಡುವೆಯೂ ಹೆಮ್ಮೆ ಉಕ್ಕಿ ಬಂದು ಅವರ ಕಣ್ಣು ಮಂಜಾಯಿತು.

ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಆಮೇಲೊಂದು ದಿನ ಕವರ್ ಕಂಪನಿಯವನು ಟೈರು ನೋಡಲು ಗ್ಯಾರೇಜಿಗೆ ಬಂದ. ಒಳ್ಳೆಯ ಹುಡುಗ. ಚಿಂದಿಯನ್ನು ಬಗ್ಗಿ ನೋಡಿ, ದನಿ ತಗ್ಗಿಸಿ, "ಗಾಳಿ ಹೋದ ತಕ್ಷಣ ನಿಲ್ಲಿಸಿದ್ರಿ ಅಲ್ವಾ ಸಾರ್? ಗಾಡಿ ಎಳ್ಕೊಂಡು ಬರುವಾಗ ಹೀಗಾಯ್ತು ಅಂತ ಬರ್ಕೊಳ್ಲಾ?" ಎಂದ. ಹೂಂ ಎಂದರೆ ಸಾಕು, ಹೊಸ ಟೈರು. ಕವರ್ ಕೊಂಡದ್ದೂ ಸಾರ್ಥಕ, ಹೆಂಡತಿಯ ಮುಂದೆ ಸಾಹೇಬರ ಮಾತೂ ಗೆದ್ದಂತೆ.

"ನಿಲ್ಸೋದಾ? ನನ್ನ ಹೆಂಡ್ತೀನಾ?" ಸಾಹೇಬರ ಎದೆ ಉಬ್ಬಿತು. "ಸೇತುವೆ ಮೇಲಿಂದ ಆಸ್ಪತ್ರೆ ಬಾಗಿಲ ತನಕ ಓಡಿಸಿದ್ಲು ಕಣ್ರೀ! ಅದೂ ನಾನು ಪಕ್ಕದಲ್ಲಿ ಕೂತು ನಿಲ್ಸು ನಿಲ್ಸು ಅಂತ ಬಡ್ಕೋತಿದ್ರೂ!"

ಪಕ್ಕದಲ್ಲೇ ನಿಂತಿದ್ದ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಹಾಗಾದ್ರೆ ಏನೂ ಸಿಗಲ್ಲ ಸಾರ್," ಎಂದ ಹುಡುಗ.

"ಸಿಗದಿದ್ರೆ ಬಿಡಿ. ಓಡಿಸಿದ್ಲು ಅಂತ್ಲೇ ಬರ್ಕೊಳ್ಳಿ," ಎಂದರು ಸಾಹೇಬರು. "ಎಷ್ಟು ದೂರ ಅನ್ನೋದನ್ನೂ ಬರ್ಕೊಳ್ಳಿ."