ಮುಖವಿಲ್ಲದ ಫೋಟೋಗಳು

ನಮ್ಮಮ್ಮ ಕಸ ಗುಡಿಸಿ ಅಷ್ಟಕ್ಕೇ ಬಿಡುವವಳಲ್ಲ. ಬುಟ್ಟಿಯನ್ನು ಬೀದಿಯ ತೊಟ್ಟಿಗೆ ಸುರಿದು, ತೊಳೆದು, ಬೋರಲು ಹಾಕಿದ ಮೇಲೆಯೇ ಅವಳಿಗೆ ನೆಮ್ಮದಿ. ಮೊಮ್ಮಗಳು ಹುಟ್ಟಿದಂದಿನಿಂದ ಮನೆಯವರೆಲ್ಲ ಅವಳನ್ನು ಅಜ್ಜಿ ಎಂದೇ ಕರೆಯುತ್ತೇವೆ, ಹೆತ್ತ ಮಗಳಾದ ನಾನೂ ಸೇರಿ. ಅವಳ ಈ ಅಚ್ಚುಕಟ್ಟುತನವನ್ನು ನಾನು ಆಡಿಕೊಳ್ಳದ ದಿನವಿರಲಿಲ್ಲ. ಈಗ ಆಡಿಕೊಳ್ಳುವುದಿಲ್ಲ.

ತಮ್ಮ ಲಿಫ್ಟ್ ರಿಪೇರಿ ಮಾಡುತ್ತಾನೆ. ನಾನು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟು ಮೋಟು ಮಾಡುವವಳು. ಮದುವೆ ನನಗೆ ಒಗ್ಗಲಿಲ್ಲ, ನನಗಿಂತ ಹೆಚ್ಚಾಗಿ ನನ್ನ ನಾಲಿಗೆಗೆ ಒಗ್ಗಲಿಲ್ಲ. ಹಾಗಾಗಿ ತಮ್ಮನ ಮನೆಯೇ ನನ್ನ ಮನೆ.

ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಜ್ವರ ಎಂದು ಆಸ್ಪತ್ರೆಗೆ ನಡೆದುಕೊಂಡೇ ಹೋದ ಹುಡುಗಿ, ತಿರುಗಿ ಬರಲಿಲ್ಲ. ಬಿಟ್ಟುಹೋದದ್ದು ನಾಲ್ಕು ವರ್ಷದ ಒಂದು ಮಗು, ಮತ್ತೆ ಲೆಕ್ಕವಿಲ್ಲದಷ್ಟು ಫೋಟೋ. ಮಾತಿಗೊಂದು ರಾಗ ಎಳೆಯುತ್ತಾಳೆ ಎಂದು ಮಗಳಿಗೆ ಪಿಟೀಲು ಎಂದು ಹೆಸರಿಟ್ಟವಳೂ ಅವಳೇ. ನಡುಮನೆಯ ಗೋಡೆಗೆ ಡಿಜಿಟಲ್ ಫ್ರೇಮ್ ತಂದು ಹಾಕಿದವಳೂ ಅವಳೇ. ತನ್ನ ಫೋನಿನಲ್ಲಿ, ಗಂಡನ ಫೋನಿನಲ್ಲಿ ತೆಗೆದದ್ದೆಲ್ಲ ತಾನಾಗಿಯೇ ಆ ಫ್ರೇಮಿಗೂ, ಮಗುವಿನ ಟ್ಯಾಬ್ಲೆಟ್ಟಿಗೂ, ಇಬ್ಬರ ಫೋನಿಗೂ ಬರುವ ಹಾಗೆ ಮಾಡಿಟ್ಟಿದ್ದಳು.

ಪಿಟೀಲಿನ ಎದುರು ಸಾವು ಎಂಬ ಮಾತನ್ನು ನಾವ್ಯಾರೂ ಆಡಿರಲಿಲ್ಲ. ಅಮ್ಮ 'ಹೋಗಿದಾಳೆ' ಎನ್ನುತ್ತಿದ್ದೆವು, ಅಷ್ಟೇ. ಅದಕ್ಕೆ ಆ ಉತ್ತರ ಸಾಕಾಗಿತ್ತು, ಏಕೆಂದರೆ ಮುಖ ಗೋಡೆಯ ಮೇಲೆ ಇತ್ತಲ್ಲ. ಬೆಳಿಗ್ಗೆ ಹಲ್ಲುಜ್ಜಿ ಬಂದು ಫ್ರೇಮಿನ ಕೆಳಗೆ ನಿಲ್ಲುತ್ತಿತ್ತು. ಒಂದೊಂದೇ ಫೋಟೋ ಸರಿದು ಅಮ್ಮನ ಸರದಿ ಬಂದಾಗ ಈ ಎಂದು ಹಲ್ಲು ತೋರಿಸಿ ಶಾಲೆಗೆ ಹೊರಡುತ್ತಿತ್ತು. ಎಷ್ಟೋ ಸಲ ಅದರಿಂದ ವ್ಯಾನು ತಪ್ಪಿಹೋಗಿ ನನ್ನ ಕೈಲಿ ಬೈಸಿಕೊಂಡಿದೆ.

ತಮ್ಮನಿಗೆ ಎರಡನೆಯ ಸಂಬಂಧ ನೋಡಿದವಳು ಅಜ್ಜಿ. ಹೆಣ್ಣು ಆಸ್ಪತ್ರೆಯೊಂದರಲ್ಲಿ ನರ್ಸು, ಅವಳದೂ ಒಂದು ಮುರಿದ ಮದುವೆ. ಭಾನುವಾರ ಮನೆ ನೋಡಲು ಬರುತ್ತೇನೆ ಎಂದಿದ್ದಳು. ಅದಕ್ಕೆ ಮೊದಲಿನ ಬುಧವಾರ ನಾನು ಕೆಲಸದಿಂದ ಬಂದಾಗ ಮನೆ ಫಳಫಳ ಹೊಳೆಯುತ್ತಿತ್ತು.

"ಬರೋ ಹುಡುಗಿ ಕಣ್ಣಿಗೆ ಮೊದ್ಲು ಬೀಳೋದು ಸತ್ತವಳ ಮುಖ ಆಗ್ಬೇಕಾ? ಅದಕ್ಕೆ ಫ್ರೇಮಿಂದ ಅವಳ್ದೆಲ್ಲ ತೆಗೆದ್ಬಿಟ್ಟೆ" ಎಂದಳು ಅಜ್ಜಿ.

"ನಿಂಗೆ ಹೇಗೆ ಬಂತು ಅದೆಲ್ಲ?"

"ಪಿಟೀಲೇ ಕಲಿಸಿದ್ದು. ಒಂದು ಮುಖ ಮುಟ್ಟಿದ್ರೆ ಆ ಮುಖ ಇರೋದೆಲ್ಲ ಒಂದೇ ಕಡೆ ಬರುತ್ತೆ. ಎಲ್ಲಾನೂ ಸೇರಿಸಿ ಬುಟ್ಟಿ ಒತ್ತೋದು."

ಮಸುಕಾದ ಫೋಟೋ ತೆಗೆದುಹಾಕಲೆಂದು ಮಗು ಕಲಿಸಿದ್ದ ವಿದ್ಯೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುದುಕಿ ಸೊಸೆಯನ್ನು ತೆಗೆದಿದ್ದಳು.

"ಮಗು ಹತ್ರ, ಅವನ ಫೋನಲ್ಲಿ ಇದ್ದೇ ಇರುತ್ತಲ್ಲ. ನಾನು ಗೋಡೆದು ಮಾತ್ರ ತೆಗ್ದಿದ್ದು" ಎಂದೂ ಸೇರಿಸಿದಳು.

ಒಳಗಿನ ಕೋಣೆಯಿಂದ ಪಿಟೀಲು ಟ್ಯಾಬ್ಲೆಟ್ ಎದೆಗೊತ್ತಿಕೊಂಡು ಬಂತು. "ಅತ್ತೇ, ಅಮ್ಮ ಬರ್ತಾನೇ ಇಲ್ಲ."

ತಮ್ಮ ಬಂದವನೇ ತನ್ನ ಫೋನ್ ನೋಡಿದ. ಬೀರುವಿನಲ್ಲಿಟ್ಟಿದ್ದ ಹೆಂಡತಿಯ ಹಳೆಯ ಫೋನಿಗೆ ಚಾರ್ಜ್ ಹಾಕಿ, ಅದನ್ನೂ ನೋಡಿದ. ಆಮೇಲೆ ಗೋಡೆಗೊರಗಿ ಕೂತುಬಿಟ್ಟ.

"ಟ್ಯಾಂಕ್ ಒಂದೇ ಅಕ್ಕ. ಫ್ರೇಮು, ಫೋನು ಎಲ್ಲ ಬರೀ ನಲ್ಲಿಗಳು. ಟ್ಯಾಂಕೇ ಖಾಲಿಯಾಗಿದೆ. ಅಜ್ಜಿ, ಆ ಬುಟ್ಟಿನಲ್ಲಿ ಒಂದು ತಿಂಗಳು ಹಾಗೇ ಇರುತ್ತೆ, ವಾಪಸ್ ತರ್ಬಹುದು. ನೀನು ಬುಟ್ಟಿ ಮುಟ್ಟಿಲ್ಲ ತಾನೆ?"

ಅಜ್ಜಿ ನನ್ನ ಮುಖ ನೋಡಿದಳು. "ಖಾಲಿ ಮಾಡ್ಬೇಕಾ ಅಂತ ಕೇಳ್ತು. ಕಸ ಇಟ್ಕೊಂಡು ಕೂರೋಕಾಗುತ್ತಾ ಅಂತ ಹೂಂ ಒತ್ದೆ."

ನನಗೆ ಬಂದ ಸಿಟ್ಟಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅದರಲ್ಲಿ ಒಂದನ್ನೂ ಇಲ್ಲಿ ಬರೆಯಲಾರೆ. ಮರುದಿನ ತಮ್ಮ ಕೆಲಸಕ್ಕೆ ರಜೆ ಹಾಕಿ ಆ ಕಂಪನಿಯವರಿಗೆ ಫೋನ್ ಮಾಡಿ ಮಾಡಿ ಕೇಳಿದ. ಅವರು ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನಮ್ಮಂಥವರಿಗೇ.

ಆಕೆ ಇದ್ದ ಫೋಟೋ ಒಂದೂ ಉಳಿಯಲಿಲ್ಲ ಎಂದರೆ ಸುಳ್ಳಾದೀತು. ಆ ಯಂತ್ರ ಹುಡುಕುವುದು ಮುಖವನ್ನು. ಮುಖ ಕಾಣದ ಕಡೆಯೆಲ್ಲ ಅವಳು ಹಾಗೆಯೇ ಉಳಿದಿದ್ದಳು. ಪಾತ್ರೆ ತೊಳೆಯುವ ಬೆನ್ನು. ಸೈಕಲ್ಲಿನ ಸೀಟು ಹಿಡಿದ ಕೈ. ತಲೆ ಒರೆಸಿಕೊಳ್ಳುತ್ತ ಟವೆಲಿನೊಳಗೆ ಮುಳುಗಿದ ಒಬ್ಬ ಹೆಂಗಸು. ಪಿಟೀಲು ಟವೆಲಿನ ಫೋಟೋವನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಿತ್ತು. ಆ ದಿನ ಅದು ಊಟ ಮಾಡಲಿಲ್ಲ. ಸಂಜೆ ಬಂದು ನನ್ನ ಕಿವಿಯಲ್ಲಿ, "ಅತ್ತೆ, ಅಮ್ಮನ ಮೂಗು ಹೇಗಿತ್ತು ಹೇಳು. ನಂಗೆ ಮರ್ತುಹೋಗ್ತಾ ಇದೆ" ಎಂದಿತು.

ಒಂದೇ ಒಂದು ಮುಖ ಸಿಕ್ಕರೆ ಸಾಕಾಗಿತ್ತು. ಪರಿಚಯದವರನ್ನೆಲ್ಲ ಕೇಳಿದೆ. ಎಲ್ಲ ಕಡೆ ಫೋಟೋ ತೆಗೆಯುತ್ತಿದ್ದವಳೇ ಅವಳು, ಹೊರಗಿನವರಲ್ಲಿ ಅವಳನ್ನು ತೆಗೆದವರು ಯಾರು? ಮದುವೆ ರಿಜಿಸ್ಟರ್ ಆಫೀಸಿನಲ್ಲಿ ನಡೆದದ್ದು, ಆಲ್ಬಂ ಇಲ್ಲ. ತವರಿನವರು ಅವತ್ತೇ ಮಗಳು ಸತ್ತಳು ಎಂದು ಬಾಗಿಲು ಹಾಕಿದ್ದರು. ಈಗ ಫೋನ್ ಮಾಡಿದರೆ ನನ್ನ ದನಿ ಕೇಳಿಯೇ ಇಟ್ಟರು. ಗುರುತಿನ ಚೀಟಿಯಲ್ಲಿ ಒಂದು ಮುಖವೇನೋ ಇತ್ತು, ಪೊಲೀಸರು ಹುಡುಕುವ ಕಳ್ಳಿಯ ಮುಖದಂತೆ. ಪಿಟೀಲು ಅದನ್ನು ನೋಡಿ, "ಇದು ಅಮ್ಮ ಅಲ್ಲ, ಬೇರೆ ಆಂಟಿ" ಎಂದು ವಾಪಸು ಕೊಟ್ಟಿತು.

ಕೊನೆಗೆ ನಮ್ಮ ಸೋದರಮಾವನ ಹತ್ತಿರ ಸಿಕ್ಕಿತು. ಅವನಿಗೆ ಕಂಡದ್ದನ್ನೆಲ್ಲ ಫೋಟೋ ತೆಗೆಯುವ ಚಟ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅವಳ ಹೆಣವನ್ನು ಮನೆಗೆ ತಂದು ಮಲಗಿಸಿದಾಗ ಅವನು ಹತ್ತಿರ ಹೋಗಿ ಫೋನ್ ಎತ್ತಿದ್ದ. ಮನುಷ್ಯರಾ ನೀವು ಎಂದು ನಾನು ಎಲ್ಲರೆದುರು ಅವನನ್ನು ಉಗಿದಿದ್ದೆ. ಈಗ ಅದೇ ಫೋಟೋ ಕಳಿಸಿ ಎಂದು ಬೇಡಿದೆ. ಅವನು ಏನೂ ಕೇಳದೆ ಕಳಿಸಿದ. ಸ್ಪಷ್ಟವಾಗಿತ್ತು. ಮೂಗು, ಹುಬ್ಬು, ತುಟಿ, ಗಲ್ಲದ ಮಚ್ಚೆ, ಎಲ್ಲವೂ ಇತ್ತು. ಕಣ್ಣು ಮಾತ್ರ ಮುಚ್ಚಿತ್ತು.

ತಮ್ಮ ಬೇಡವೇ ಬೇಡ ಎಂದ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಪಿಟೀಲು ನನ್ನ ಮೊಣಕೈ ಕೆಳಗಿನಿಂದ ಇಣುಕಿ ನೋಡಿಬಿಟ್ಟಿತ್ತು. "ಅಮ್ಮ!" ಎಂದು ಕಿರುಚಿತು. ನಂತರ ದನಿ ಇಳಿಸಿ, "ಮಲಗಿದಾಳೆ" ಎಂದಿತು. ಅದರ ಮುಖದಲ್ಲಿ ಎರಡು ದಿನದಿಂದ ಇಲ್ಲದ ಬೆಳಕು. ನನ್ನ ಕೈಲಿ ಅದನ್ನು ಆರಿಸಲಾಗಲಿಲ್ಲ. ಬಿಳಿ ಬಟ್ಟೆ ಕಾಣದಂತೆ ಸುತ್ತಲೂ ಕತ್ತರಿಸಿ, ಮುಖವನ್ನಷ್ಟೇ ಉಳಿಸಿ ಫ್ರೇಮಿಗೆ ಹಾಕಿದೆ. ಪಿಟೀಲು ಅದೊಂದೇ ಇರಲಿ, ಸರಿಯದೆ ನಿಲ್ಲಲಿ ಎಂದು ಹಟ ಹಿಡಿಯಿತು. ಫ್ರೇಮನ್ನು ಗೋಡೆಯಿಂದ ಇಳಿಸಿ ತನ್ನ ಕೈಗೆ ಎಟಕುವ ಸ್ಟೂಲಿನ ಮೇಲೆ ಇರಿಸಿಕೊಂಡಿತು.

ಅಲ್ಲಿಂದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಕುಕ್ಕರ್ ಕೂಗಿದರೆ ಓಡಿಬಂದು ನೋಡುತ್ತಿತ್ತು, ಅಮ್ಮನಿಗೆ ಎಚ್ಚರವಾಯಿತೇನೋ ಎಂದು. ಅದು ಹೆದರಿಕೆಯಿಂದ ನೋಡುತ್ತಿರಲಿಲ್ಲ, ಆಸೆಯಿಂದ ನೋಡುತ್ತಿತ್ತು. ಆ ಆಸೆಯನ್ನು ಕೈಯಾರೆ ಹುಟ್ಟಿಸಿದವಳು ನಾನೇ.

ಭಾನುವಾರ ನರ್ಸು ಬಂದಳು. ಅಜ್ಜಿ ಫ್ರೇಮಿನ ಮೇಲೆ ಬಟ್ಟೆ ಮುಚ್ಚಲು ಹೋಗಿ, ಮಗು ರಂಪ ಮಾಡುತ್ತದೆಂದು ಕೈಬಿಟ್ಟಿದ್ದಳು. ಒಳಗೆ ಕಾಲಿಟ್ಟವಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಆಸ್ಪತ್ರೆಯಲ್ಲಿ ದಿನಾ ನೋಡುವವಳಿಗೆ ಯಾವ ಮುಖ ಎಂಥದ್ದು ಎಂದು ಬಿಡಿಸಿ ಹೇಳಬೇಕೇ? ಕೈಚೀಲ ಕೆಳಗಿಡದೆ ನಿಂತೇ ಇದ್ದಳು.

"ಮೆಲ್ಲಗೆ" ಎಂದಿತು ಪಿಟೀಲು. "ನೀವು ನರ್ಸಲ್ವಾ? ನಮ್ಮಮ್ಮ ಯಾವಾಗ ಏಳ್ತಾಳೆ?"

ನರ್ಸು ನಮ್ಮ ಮೂವರನ್ನೂ ನೋಡಿದಳು. ತಮ್ಮ ತಲೆ ತಗ್ಗಿಸಿದ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು, ಊರಿಗೆಲ್ಲ ಬುದ್ಧಿ ಹೇಳುವವಳು, ಸೆರಗಿನ ತುದಿಯ ನೂಲು ಎಳೆಯುತ್ತ ಕುರ್ಚಿಯಲ್ಲಿ ಕೂತೆ. ಆಗ ಆಕೆ ಮಗುವಿನ ಎದುರು ನೆಲದ ಮೇಲೆ ಕೂತಳು.

"ಏಳಲ್ಲ ಕಂದ. ಅಮ್ಮ ತೀರಿಹೋಗಿದಾರೆ. ಇದು ನಿದ್ದೆ ಅಲ್ಲ."

ಪಿಟೀಲು ಅಳಲಿಲ್ಲ. ಬಗ್ಗಿ ಫ್ರೇಮನ್ನು ಹತ್ತಿರದಿಂದ ನೋಡಿತು. "ನಿದ್ದೆ ಅಲ್ಲದಿದ್ರೆ ಕಣ್ಣು ಯಾಕೆ ಮುಚ್ಚಿದಾಳೆ?"

"ಅವರಾಗೇ ಮುಚ್ಚಿರಲ್ಲ ಮರಿ. ಹತ್ತಿರದವರು ಯಾರಾದ್ರೂ ಮುಚ್ತಾರೆ."

"ಯಾರು ಮುಚ್ಚಿದ್ದು?"

ಆಸ್ಪತ್ರೆಯಲ್ಲಿ ತಮ್ಮ ಹೊರಗಿನ ವರಾಂಡಕ್ಕೆ ಎದ್ದುಹೋಗಿದ್ದ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. "ನಾನು, ಪುಟ್ಟಾ" ಎಂದೆ.

ಪಿಟೀಲು ಸ್ಟೂಲಿನಿಂದ ಫ್ರೇಮನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿಟ್ಟಿತು.

"ನೀನೇ ಮುಚ್ಚಿದ್ದಲ್ವಾ, ನೀನೇ ತೆಗಿ ಅತ್ತೆ" ಎಂದು ನನ್ನ ಬೆರಳು ಹಿಡಿದು ಆ ಕಣ್ಣುಗಳ ಮೇಲಿಟ್ಟಿತು.