ಒಂದು ಹಕಾರ, ನಾಲ್ಕು ಮೂಲಂಗಿ

ಕಾರ್ಖಾನೆಯ ಮ್ಯಾನೇಜರು ಕೈಚೆಲ್ಲಿ ಹೇಳಿದ್ದು ಇಷ್ಟೆ: ಸುಟ್ಟುಹೋದ ಸೆನ್ಸರಿನ ಬದಲಿಗೆ ತರಿಸಿದ ಹೊಸದು ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಕೂತಿದೆ, ನಾಳೆ ಹತ್ತಕ್ಕೆ ಕೈಗೆ ಬರುತ್ತದೆ, ಅಲ್ಲಿಯವರೆಗೆ ನೀವಿಬ್ಬರೂ ಊರು ನೋಡಿ. ಪರದೇಶಕ್ಕೆ ಬಂದ ನಾಲ್ಕನೆಯ ದಿನ ಹೀಗೆ ಇಡೀ ಒಂದು ದಿನ ಬಿಡುವು ಸಿಕ್ಕಿತು. ಔಷಧಿ ಬಾಟಲಿಗಳಿಗೆ ಲೇಬಲ್ ಅಂಟಿಸುವ ಯಂತ್ರವನ್ನು ಕೂರಿಸಲು ಬಂದಿದ್ದ ರೇಡಿಯೋನನ್ನು ಆ ಬಿಡುವು ಬೆಳಗಿನಿಂದಲೇ ಬಿಡದೆ ಕಾಡತೊಡಗಿತು.

ರೇಡಿಯೋ ಎಂದರೆ ಕಂಪನಿಯ ಸರ್ವಿಸ್ ಎಂಜಿನಿಯರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎಂಡಿಯ ಕೆಮ್ಮು, ಕ್ಯಾಷಿಯರಿನ ಮೂಗಿನ ಮಾತು, ಬೇರಿಂಗು ಸವೆದ ಮೋಟಾರಿನ ನರಳಾಟ, ಕ್ಯಾಂಟೀನಿನ ಮಿಕ್ಸಿ, ಯಾವ ಸ್ಟೇಷನ್ ಬೇಕೆಂದರೂ ಗಂಟಲಲ್ಲಿ ತಯಾರು. ಯಾರನ್ನು ಒಂದು ಸಲ ಕೇಳಿದರೂ ಸಾಕು, ಸಂಜೆಯ ಹೊತ್ತಿಗೆ ಅವರನ್ನು ಅವರಿಗೇ ಒಪ್ಪಿಸಿಬಿಡುತ್ತಿದ್ದ.

ಜೊತೆಗೆ ಬಂದಿದ್ದವರು ಸೇಲ್ಸ್ ಮ್ಯಾನೇಜರು. ಹಲ್ಲುಜ್ಜುವುದನ್ನೂ ಬರೆದಿಟ್ಟುಕೊಂಡು ಟಿಕ್ ಹಾಕುವ ಮನುಷ್ಯ, ಹಾಗಾಗಿ ಬೆನ್ನ ಹಿಂದೆ ಪಟ್ಟಿ ಸಾರ್. ಬೆಳಗಿನ ತಿಂಡಿಯ ಮೇಜಿಗೆ ಅವರು ಬಂದದ್ದೇ ಕೈಯಲ್ಲೊಂದು ಹಾಳೆ ಹಿಡಿದು.

"ಒಂಬತ್ತೂವರೆಗೆ ಮ್ಯೂಸಿಯಂ. ಹನ್ನೊಂದಕ್ಕೆ ಗಡಿಯಾರದ ಗೋಪುರ. ಹನ್ನೆರಡಕ್ಕೆ ಸಂತೆ. ಎರಡೂವರೆಗೆ ದೋಣಿ. ಬಿಡುವು ಅನ್ನೋದು ಸೀಲ್ ಒಡೆದ ಬಾಟ್ಲಿ ಕಣ್ರೀ, ಇವತ್ತೇ ಖಾಲಿ ಮಾಡ್ಬೇಕು!"

"ಮಾಡೋಣ ಸಾರ್, ಒಂದು ಫೋನ್ ಮಾಡ್ಬಿಟ್ಟು ಬರ್ತೀನಿ."

"ಅದು ಪಟ್ಟೀಲಿಲ್ಲ."

"ಬರ್ಕೊಂಡು ಟಿಕ್ ಹಾಕ್ಬಿಡಿ ಸಾರ್."

ಫೋನು ಎತ್ತಿದವಳು ಹೆಂಡತಿ.

"ಗುಂಡಿಗೆ ಕೊಡು."

"ಬರಲ್ಲ ಅಂತಾಳೆ ರೀ."

"ಇಪ್ಪತ್ತು ದಿನ ಆಯ್ತು ಮಾರಾಯ್ತಿ."

"ನಂಗೂ ಎಣಿಸೋಕೆ ಬರುತ್ತೆ. ಇವತ್ತು ಸಂಜೆಯೊಳಗೆ ಟೀಚರಿಗೆ ಹೇಳ್ಬೇಕು. ಮಾಡ್ತೀನಿ ಅಂದ್ರೆ ಸರಿ, ಇಲ್ಲಾಂದ್ರೆ ನಿರೂಪಣೆ ಬೇರೆ ಹುಡುಗೀಗೆ ಹೋಗುತ್ತೆ. ಇವಳು ಬಾಯೇ ಬಿಡ್ತಿಲ್ಲ. ನೀವು ಮಾಡಿದ್ದು, ನೀವೇ ಸರಿ ಮಾಡಿ."

ಗುಂಡಿ ಎಂದರೆ ಮಗಳು. ಹುಟ್ಟಿದಾಗ ಅಂಗಿಯ ಗುಂಡಿಯಂತೆ ದುಂಡಗಿದ್ದಳೆಂದು ಅವನೇ ಇಟ್ಟ ಹೆಸರು. ಗುಂಡಿಗೆ ಏನಾದರೂ ಆದರೆ ನನ್ನ ಗುಂಡಿಗೆಗೆ ಆದಂತೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಈಗ ಅವಳಿಗೆ ಹದಿಮೂರು. ಶಾಲೆಯ ವಾರ್ಷಿಕೋತ್ಸವದ ನಿರೂಪಣೆಗೆ ಅವಳನ್ನು ಆರಿಸಿದಾಗ ಮನೆಯ ಕನ್ನಡಿಗೆ ದಿನವೂ ಸ್ವಾಗತ ಸಿಗತೊಡಗಿತು. ತೊಡಕು ಒಂದೇ, ಹಕಾರದ್ದು. ಐದು ವರ್ಷದವರೆಗೆ ಅವಳನ್ನು ಬೆಳೆಸಿದವಳು ರೇಡಿಯೋನ ತಾಯಿ. ಆ ಅಜ್ಜಿಯ ಬಾಯಲ್ಲಿ ಹಾಲು ಆಲೇ, ಹೂವು ಊವೇ. ಆ ನಾಲಿಗೆ ಮೊಮ್ಮಗಳಿಗೂ ಬಂದಿತ್ತು. ತಿದ್ದಿಕೊಳ್ಳಲು ಹೋದಾಗ ಇರಬೇಕಾದ ಕಡೆ ಇಲ್ಲದೆ, ಇಲ್ಲದ ಕಡೆ ಎದ್ದು, ಹಕಾರ ಅವಳ ಜೊತೆ ಕಣ್ಣುಮುಚ್ಚಾಲೆ ಆಡುತ್ತಿತ್ತು.

ಒಂದು ಭಾನುವಾರ ಹೆಂಡತಿಯ ಅಣ್ಣನ ಮನೆಯಲ್ಲಿ ಊಟ. ಅವರದೆಲ್ಲ ಇಸ್ತ್ರಿ ಹಾಕಿದ ಮಾತು. ಊಟದ ನಡುವೆ ಭಾವ, "ಏನಪ್ಪಾ ರೇಡಿಯೋ, ಹೊಸ ಸ್ಟೇಷನ್ ಯಾವ್ದು?" ಎಂದರು. ರೇಡಿಯೋ ಎದ್ದು ನಿಂತ, ಇಲ್ಲದ ಜಡೆಯನ್ನು ಮುಂದೆ ಎಳೆದುಕೊಂಡ, ಚಮಚವನ್ನು ಮೈಕಿನಂತೆ ಹಿಡಿದ. "ಸಭೆಯ ಹಧ್ಯಕ್ಷರಿಗೆ ಊವಿನ ಆರ ಆಕಲಾಗುವುದು! ಹತಿಥಿಗಳಿಗೆ ಆರ್ದಿಕ ಸ್ವಾಗತ!" ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಕ್ಷಣ ಗುಂಡಿಯೂ ನಕ್ಕಳು. ಆಮೇಲೆ ಚಮಚವನ್ನು ಸದ್ದಾಗದಂತೆ ತಟ್ಟೆಯ ಪಕ್ಕ ಇಟ್ಟು ಎದ್ದುಹೋದಳು. ಅಂದಿನಿಂದ ಅಪ್ಪನ ಜೊತೆ ಮಾತಿಲ್ಲ. ಕನ್ನಡಿಯ ಜೊತೆಯೂ ಇಲ್ಲ.

ಮ್ಯೂಸಿಯಮ್ಮಿನಲ್ಲಿ ಒಡೆದ ಮಡಕೆಗಳಿದ್ದವು. ಪಟ್ಟಿ ಸಾರ್ ಪ್ರತಿ ಮಡಕೆಯ ಮುಂದೆಯೂ ನಿಂತು ಫಲಕ ಓದಿದರು. ರೇಡಿಯೋ ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಓಡಾಡಿದ. ಫೋನು ತೆಗೆದ, ಇಟ್ಟ, ಮತ್ತೆ ತೆಗೆದ. ಎರಡು ಸಲ ಗಂಟಲು ಸರಿಮಾಡಿಕೊಂಡು ಧ್ವನಿಸಂದೇಶ ಶುರುಮಾಡಿದ. ಮೊದಲನೆಯದರಲ್ಲಿ ತಾನೇ ತಮಾಷೆಯಾಗಿ ಕೇಳಿಸಿದ. ಎರಡನೆಯದರಲ್ಲಿ ಎಂಡಿಯ ಹಾಗೆ ಕೇಳಿಸಿದ. ಎರಡನ್ನೂ ಅಳಿಸಿದ. ಊರಿನ ಅರ್ಧ ಜನರ ದನಿ ಅವನ ಬಳಿ ಇತ್ತು, ಕ್ಷಮೆ ಕೇಳುವ ದನಿ ಮಾತ್ರ ಸ್ಟಾಕಿನಲ್ಲಿರಲಿಲ್ಲ.

"ರೀ, ನಿಮ್ ಕಾಲಿಗೇನು ಇರುವೆ ಹತ್ತಿದ್ಯಾ? ನಿಂತು ನೋಡ್ರೀ. ಎರಡು ಸಾವಿರ ವರ್ಷದ ಮಡಕೆ!"

"ಒಡೆದದ್ದೇ ನೋಡೋದಾದ್ರೆ ನಮ್ಮನೇಲಿ ಇಪ್ಪತ್ತು ದಿನದ್ದು ಇದೆ ಸಾರ್."

ಗೋಪುರಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು. ನೂರನೆಯದಕ್ಕೆ ಹೊಸ ಬೂಟು ಕಾಲು ಕಚ್ಚಿ ಪಟ್ಟಿ ಸಾರ್ ಕೂತರು. ರೇಡಿಯೋ ಚೀಲದಿಂದ ಅಂಟುಪಟ್ಟಿ ತೆಗೆದು ಅವರ ಹಿಮ್ಮಡಿಗೆ ಹಚ್ಚಿದ. ಪಟ್ಟಿಗೇ ಪಟ್ಟಿ ಹಾಕುವ ಭಾಗ್ಯ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳುವ ಹುಮ್ಮಸ್ಸೇ ಹುಟ್ಟಲಿಲ್ಲ. ಮೇಲೆ ನಿಂತು ನೋಡಿದರೆ ಕೆಂಪು ಹೆಂಚು, ಬೂದು ರಸ್ತೆ, ತೆಳ್ಳನೆಯ ಹೊಳೆ. ಅವನ ಕಣ್ಣು ಕೈಗಡಿಯಾರದ ಮೇಲೇ. ಮನೆಯ ಗಡಿಯಾರ ಇಲ್ಲಿಗಿಂತ ಮೂರು ಗಂಟೆ ಮುಂದೆ. ಟೀಚರಿಗೆ ಹೇಳಬೇಕಾದ ಹೊತ್ತು ಹತ್ತಿರ ಬರುತ್ತಿತ್ತು.

ಸಂತೆಗೆ ಬರುವಾಗ ಪಟ್ಟಿ ಸಾರ್ ಕುಂಟುತ್ತಿದ್ದರು. ಬಾಗಿಲ ಬಳಿಯ ಬೆಂಚಿನಲ್ಲಿ ಕೂತು, "ಇದನ್ನ ನೀವೇ ನೋಡ್ಕೊಂಡು ಬನ್ನಿ, ಟಿಕ್ ನಾನು ಹಾಕ್ತೀನಿ," ಎಂದರು. ರೇಡಿಯೋ ಒಬ್ಬನೇ ಒಳಗೆ ಹೋದ. ಮಗಳಿಗೆ ಏನಾದರೂ ಒಯ್ಯಬೇಕು. ಪೆನ್ನು ನೋಡಿದ, ಗಾಜಿನ ಬಳೆ ನೋಡಿದ. ಯಾವುದನ್ನು ಕೈಗೆತ್ತಿಕೊಂಡರೂ ಲಂಚದಂತೆ ಕಂಡಿತು. ಕೊನೆಗೆ ತರಕಾರಿಯ ಸಾಲಿನಲ್ಲಿ, ತಲೆಗೆ ನೀಲಿ ಬಟ್ಟೆ ಕಟ್ಟಿದ ಅಜ್ಜಿಯೊಬ್ಬಳ ಬಳಿ ಎರಡು ಸೇಬು ಕೊಂಡ. ದುಡ್ಡು ಕೊಟ್ಟು, ನಗುತ್ತಾ, ಅಲ್ಲಿನ ಭಾಷೆಯಲ್ಲಿ ಕೃತಜ್ಞತೆ ಹೇಳಿದ.

ಆ ಪದವನ್ನು ಬಂದ ದಿನವೇ ಹೋಟೆಲಿನ ಕೌಂಟರಿನವಳಿಂದ ಕಲಿತಿದ್ದ. ಹೊರೆತಾ. ಮರೆಯದಿರಲೆಂದು 'ಹೊರೆ ತಾ' ಎಂದು ಬಿಡಿಸಿ ನೆನಪಿಟ್ಟುಕೊಂಡಿದ್ದ. ಮೂರು ದಿನದಿಂದ ಗೇಟಿನ ಕಾವಲುಗಾರನಿಗೆ, ಕ್ಯಾಂಟೀನಿನವರಿಗೆ, ಫೋರ್ಕ್‌ಲಿಫ್ಟ್ ಓಡಿಸುವವನಿಗೆ ಧಾರಾಳವಾಗಿ ಹಂಚಿದ್ದ. ಎಲ್ಲರೂ ಅದೆಷ್ಟು ನಗುಮುಖದವರು ಎಂದು ಬೆರಗಾಗಿದ್ದ.

ಅಜ್ಜಿ ಅವನನ್ನೇ ನೋಡಿದಳು. ಬುಟ್ಟಿಗೆ ಕೈಹಾಕಿ ಒಂದು ಮೂಲಂಗಿ ತೆಗೆದು ಅವನ ಚೀಲಕ್ಕೆ ಹಾಕಿದಳು. ಎಂಥ ಒಳ್ಳೆಯ ಮುದುಕಿ ಎಂದುಕೊಂಡು ರೇಡಿಯೋ ಇನ್ನೂ ಬಾಗಿ ಕೃತಜ್ಞತೆ ಹೇಳಿದ. ಇನ್ನೊಂದು ಮೂಲಂಗಿ ಬಿತ್ತು. ಸಾಕು ಸಾಕು ಎಂದು ಕೈಯಾಡಿಸಿ ಮತ್ತೆ ಹೇಳಿದ. ಮೂರನೆಯದು. ಗಾಬರಿಯಲ್ಲಿ ಎದೆಯ ಮೇಲೆ ಕೈಯಿಟ್ಟು ಕೂಗಿಯೇ ಹೇಳಿದ. ನಾಲ್ಕನೆಯದು, ಎಲ್ಲಕ್ಕಿಂತ ದಪ್ಪನೆಯದು.

ಪಕ್ಕದಲ್ಲಿ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದವನು ಚಕ್ರ ನಿಲ್ಲಿಸಿದ. ಎದ್ದು ಬಂದು ಒಂದು ಮೂಲಂಗಿಯನ್ನು ಎತ್ತಿ ಹಿಡಿದು, "ಒರೆತಾ," ಎಂದ. ಅದನ್ನು ಕೆಳಗಿಟ್ಟು, ತಲೆ ಬಾಗಿಸಿ, "ಹೊರೆತಾ," ಎಂದ.

ರೇಡಿಯೋಗೆ ಬೆಳಕಾಯಿತು. ಮೂರು ದಿನದಿಂದ ಅವನು ಇಡೀ ಕಾರ್ಖಾನೆಗೆ ನಗುನಗುತ್ತಾ ಮೂಲಂಗಿ ಮೂಲಂಗಿ ಎಂದು ಹೇಳಿಕೊಂಡು ತಿರುಗಿದ್ದ.

ಸಾಣೆಯವನು ಅಷ್ಟಕ್ಕೇ ಬಿಡಲಿಲ್ಲ. ಇಲ್ಲದ ಚೀಲವೊಂದನ್ನು ಕಂಕುಳಿಗೆ ಅವಚಿಕೊಂಡ. ಕತ್ತನ್ನು ಎಡಕ್ಕೆ ವಾಲಿಸಿದ. ಹುಬ್ಬು ಮೇಲೆತ್ತಿ, ಹಲ್ಲೆಲ್ಲ ತೋರಿಸಿ, ಸಾಲಿನ ಒಬ್ಬೊಬ್ಬರಿಗೂ ಬಾಗಿ ಬಾಗಿ, "ಒರೆತಾ! ಒರೆತಾ!" ಎನ್ನುತ್ತಾ ನಡೆದ. ತರಕಾರಿಯವರು, ಮೀನಿನವರು, ಮೊಟ್ಟೆಯವಳು ಬಿದ್ದು ಬಿದ್ದು ನಕ್ಕರು. ಕಸುಬು ಬಲ್ಲವನಾದ್ದರಿಂದ ರೇಡಿಯೋಗೆ ಮೊದಲು ಹೊಳೆದದ್ದು ಇದು: ಹುಬ್ಬು ಸ್ವಲ್ಪ ಜಾಸ್ತಿಯಾಯಿತು, ಕತ್ತು ಮಾತ್ರ ಪಕ್ಕಾ. ಅವನೂ ನಕ್ಕ. ಆಮೇಲೆ ಚೀಲವನ್ನು ಸದ್ದಾಗದಂತೆ ಹಲಗೆಯ ಮೇಲೆ ಇಟ್ಟ. ಹಾಗೆ ಇಟ್ಟ ಕೈಯನ್ನೇ ನೋಡುತ್ತಾ ನಿಂತ.

ಅಜ್ಜಿಗೆ ಏನನ್ನಿಸಿತೋ. ಸಾಣೆಯವನಿಗೆ ಏನೋ ಗದರಿ ಕೂರಿಸಿದಳು. ಆಮೇಲೆ ಮಣ್ಣು ಮೆತ್ತಿದ ತನ್ನ ಅಂಗೈಯನ್ನು ರೇಡಿಯೋನ ಬಾಯಿಯ ಮುಂದೆ ಹಿಡಿದು, ಹೇಳು ಎಂಬಂತೆ ಗದ್ದ ಎತ್ತಿದಳು.

"ಒರೆತಾ."

ಅಲ್ಲವೆಂದು ತಲೆಯಾಡಿಸಿದಳು. ಅಂಗೈಗೆ ಗಾಳಿ ತಾಗಲಿಲ್ಲ.

"ಒ... ಹೊರೆತಾ."

ಅಜ್ಜಿಯ ಬೆರಳುಗಳು ಮಡಚಿಕೊಂಡವು, ಉಸಿರನ್ನು ಹಿಡಿದುಕೊಂಡಂತೆ. ಒಂದು ಮೂಲಂಗಿಯನ್ನೂ ವಾಪಸು ತೆಗೆದುಕೊಳ್ಳಲಿಲ್ಲ.

ರೇಡಿಯೋಗೆ ಆ ಪಾಠ ಹೊಸದಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕಾಲೇಜಿನ ಹಾಸ್ಟೆಲಿನಲ್ಲಿ ರೂಂಮೇಟು ಅವನ ಬಾಯಿಯ ಮುಂದೆ ಉರಿಯುವ ಬೆಂಕಿಕಡ್ಡಿ ಹಿಡಿದು, "ಹಾರು ಅನ್ನೋ. ನೀನು ಹಾರು ಅಂದ್ರೆ ಕಡ್ಡಿ ಆರ್ಬೇಕು. ಆರು ಅಂದ್ರೆ ಆರಬಾರದು," ಎಂದು ಮೂರು ಡಬ್ಬಿ ಕಡ್ಡಿ ಸುಟ್ಟಿದ್ದ. ಆ ಮೂರು ಡಬ್ಬಿಯ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ, ಭಾವನಿಗಂತೂ ಇಲ್ಲವೇ ಇಲ್ಲ. ಕನ್ನಡದಲ್ಲಿ ಇಷ್ಟು ವರ್ಷ ಮುಚ್ಚಿಟ್ಟ ನಾಲಿಗೆ ಪರಭಾಷೆಯಲ್ಲಿ ಮೈಮರೆತು ಬಾಗಿಲು ತೆರೆದಿತ್ತು.

ಮೊಟ್ಟೆಯ ಅಂಗಡಿಯ ಹಿಂದೆ, ಖಾಲಿ ಪೆಟ್ಟಿಗೆಗಳ ಸಂದಿಯಲ್ಲಿ ನಿಂತು ಫೋನು ತೆಗೆದ. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಅಲೋ ಗುಂಡಿ. ಅಪ್ಪ. ಇದು ಮಿಮಿಕ್ರಿ ಅಲ್ಲ, ನನ್ನ ಮೊದಲಿನ ಮಾತೇ ಇಂಗೆ. ಅಜ್ಜಿ ಅತ್ರ ನಾನೂ ಬೆಳೆದೋನಲ್ವಾ. ಆಲು, ಅಣ್ಣು, ಊವು. ಆಸ್ಟೆಲಲ್ಲಿ ಮೂರು ಡಬ್ಬಿ ಬೆಂಕಿಕಡ್ಡಿ ಸುಟ್ಟು ಕಲ್ತೆ. ಅವತ್ತು ನಿನ್ನ ಆಡ್ಕೊಂಡು ನಗಿಸ್ದಾಗ ನಿಮ್ಮಾವ ನನ್ನ ಬೆನ್ನು ತಟ್ಟಿದ್ರು ನೋಡು, ಅದಕ್ಕೋಸ್ಕರ ಮಾಡ್ದೆ. ತಪ್ಪು ಮಾಡ್ದೆ ಕಣೇ. ಇವತ್ತು ಇಲ್ಲಿ ಒಬ್ಬ ನನ್ನ ಆಡ್ಕೊಂಡ. ನನ್ ಕೈಲಿ ನಾಲ್ಕು ಮೂಲಂಗಿ ಇದೆ." ಮೂಲಂಗಿಯ ಕತೆ ಪೂರ್ತಿ ಹೇಳಿದ. ಅಳಿಸುವ ಗುಂಡಿಯ ಮೇಲೆ ಬೆರಳು ಹೋಯಿತು. ಕಳಿಸುವುದನ್ನೇ ಒತ್ತಿದ.

ದೋಣಿ ಹೊರಟಾಗ ಎರಡೂವರೆ. ಪಟ್ಟಿ ಸಾರ್ ಬಲಕ್ಕೆ ತೋರಿಸಿದರೆ ರೇಡಿಯೋ ಎಡಕ್ಕೆ ನೋಡುತ್ತಿದ್ದ, ಸೇತುವೆ ಬಂದರೆ ಫೋನು ನೋಡುತ್ತಿದ್ದ. ಸಂದೇಶ ಕೇಳಿದ ಗುರುತು ಆಗಲೇ ಬಂದಿತ್ತು. ಉತ್ತರವಿರಲಿಲ್ಲ. ಕೂತ, ಎದ್ದ, ಕಂಬಿ ಹಿಡಿದ.

"ಕೂತ್ಕೊಳ್ರೀ, ದೋಣಿ ಅಲ್ಲಾಡುತ್ತೆ!"

"ದೋಣಿ ಅಲ್ಲ ಸಾರ್, ನಾನು."

ಮೂರನೆಯ ಸೇತುವೆಯ ಕೆಳಗೆ ಫೋನು ಗುಂಯ್‌ಗುಟ್ಟಿತು. ಕಿವಿಗೆ ಒತ್ತಿಕೊಂಡ. ಮೊದಲು ಕೇಳಿಸಿದ್ದು ಗಂಟಲು ಸರಿಮಾಡಿಕೊಳ್ಳುವ ಸದ್ದು, ಎರಡು ಸಲ, ಥೇಟ್ ಅವನದೇ.

"ಹಲೋ! ನಾನು ಹಪ್ಪ ಮಾತಾಡ್ತಿರೋದು. ನನ್ ಕೈಲಿ ನಾಲ್ಕು ಮೂಲಂಗಿ ಹಿದೆ. ಹೆಲ್ರೂ ನಗ್ರಪ್ಪ, ಹದೇ ನನ್ ಹೂಟ!"

ಮಗಳು ಅವನನ್ನು ಹಿಡಿದ ಜಾಗ ಸರಿಯಾಗಿತ್ತು. ಮಾತು ಮುಗಿಸಿ ತಾನೇ ಮೊದಲು ನಗುವ ಅವನ ಆ ಪುಸ್ಸೆಂಬ ಸದ್ದನ್ನೂ ಬಿಟ್ಟಿರಲಿಲ್ಲ. ಚುಚ್ಚಿತು. ಚುಚ್ಚಬೇಕೆಂದೇ ಮಾಡಿದ್ದು. ಆಮೇಲೆ ಅವಳದೇ ದನಿ:

"ನೀನು ಬಂದ್ಮೇಲೆ ಭಾನುವಾರ ಮಾವನ ಮನೇಲಿ ಊಟ ಇದೆ. ಎಲ್ರೂ ಇರ್ತಾರೆ. ಅವತ್ತಿನ ಥರಾನೇ ಎದ್ದು ನಿಂತ್ಕೊಂಡು ಮೂಲಂಗಿ ಮಾಡ್ಬೇಕು. ಬೆಂಕಿಕಡ್ಡೀದೂ ಹೇಳ್ಬೇಕು. ಮಾಡ್ತೀಯಾ? ಬೇಗ ಹೇಳು, ಟೀಚರ್ ಆರು ಗಂಟೆಗೆ ಫೋನ್ ಮಾಡ್ತಾರೆ."

ಊರಿನಲ್ಲಿ ಆರಕ್ಕೆ ಹತ್ತು ನಿಮಿಷ. ಇಸ್ತ್ರಿ ಹಾಕಿದ ಆ ಮಾತುಗಳ ನಡುವೆ, ಭಾವನ ಎದುರು, ಊವು ಆಲು ಎನ್ನುತ್ತಾ ನಿಲ್ಲುವುದನ್ನು ನೆನೆದು ರೇಡಿಯೋ ಫೋನನ್ನು ಜೇಬಿಗಿಟ್ಟ, ಮತ್ತೆ ತೆಗೆದ. ಅವರು ನಗದೇ ಹೋದರೆ? ನಕ್ಕರೆ?

ಫೋನಿನ ಗುಂಡಿ ಒತ್ತಿ ಹಿಡಿದ. "ಹ್ಞೂಂ," ಎಂದ. ಅದು ಯಾವ ಕಡೆಗೂ ಸಲ್ಲುವಂತೆ ಕೇಳಿಸಿತೇನೋ ಎಂದು ಗಾಬರಿಯಾಗಿ ಇನ್ನೊಮ್ಮೆ ಒತ್ತಿದ. "ಮಾಡ್ತೀನಿ. ಎಲ್ಲರ ಮುಂದೆ."

ಐದು ನಿಮಿಷ. ಎಂಟು ನಿಮಿಷ. ಪಟ್ಟಿ ಸಾರ್ ಕೊನೆಯ ಟಿಕ್ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ದೋಣಿ ದಡಕ್ಕೆ ತಿರುಗುವಾಗ ಹೆಂಡತಿಯ ಒಂದು ಸಾಲು ಬಂತು: 'ಟೀಚರಿಗೆ ಹ್ಞೂಂ ಅಂದ್ಲು. ಮೂಲಂಗಿ ಅಂದ್ರೆ ಏನ್ರೀ? ಕೇಳಿದ್ರೆ ಭಾನುವಾರ ಗೊತ್ತಾಗುತ್ತೆ ಅಂತಾಳೆ. ಮನೇಲಿ ಬೆಂಕಿಪೊಟ್ಟಣ ಕಾಣ್ತಿಲ್ಲ.'

ರೇಡಿಯೋ ಎರಡು ಸಲ ಓದಿದ. ಆಮೇಲೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು, ದಡ ಬರುವವರೆಗೂ, ಬಾಯೊಳಗೇ ಹೂವು ಊವು, ಹಾರ ಆರ ಎನ್ನುತ್ತಾ ನಿಂತ. ಇಷ್ಟು ವರ್ಷ ಹಕಾರವನ್ನು ಹಾಕಿಕೊಂಡು ಬಂದವನು ಅದನ್ನು ಬೇಕೆಂದಾಗ ಬಿಡುವುದನ್ನು ಭಾನುವಾರದೊಳಗೆ ಕಲಿಯಬೇಕಿತ್ತು.

"ಏನ್ರೀ ಅದು, ಬಾಯಿ ಬಾಯಿ ಬಡ್ಕೊಂಡು?"

"ಬಿಡುವು ಸಾರ್. ಪೂರ್ತಿ ಬಳಸ್ಕೊಳ್ತಾ ಇದ್ದೀನಿ."